ಜಿಂಕೆಯನ್ನು ಉಳಿಸಿದ ಟ್ಯಾಗು

ಮೊನ್ನೆ ನನ್ನಿಂದಾಗಿ ಒಂದು ಜಿಂಕೆಯ ಜೀವ ಉಳಿಯಿತು. ಪ್ರಾಣಿದಯೆಯಿಂದ ಅಂದುಕೊಂಡಿರಾ? ಇಲ್ಲ. ರಿಟರ್ನ್ ಪಾಲಿಸಿಯಿಂದ.

ಗಾಬರಿಯಾಗಬೇಡಿ. ನಾನು ಬಂದೂಕು ಹಿಡಿದಿಲ್ಲ. ವಾರವಾರವೂ ಫ್ರೀವೇ ಟ್ರಾಫಿಕ್ಕು, ಆಫೀಸಿನ ಮೀಟಿಂಗು, ಮಗಳ ಹೋಮ್‌ವರ್ಕು ಅಂತ ಗೊಣಗುವ ನಿಮ್ಮ ಇದೇ ಅಂಕಣಗಾರ್ತಿ ಬೇಟೆಗೆ ಹೋಗಿದ್ದು ಬರೀ ಕೂರುವುದಕ್ಕೆ. ಸುಮ್ಮನೆ ಕೂರುವುದೂ ಒಂದು ಕೆಲಸ, ಅದಕ್ಕೂ ಬೇರೆಯೇ ಡ್ರೆಸ್ ಇದೆ ಅನ್ನುವುದು ನನಗೂ ಗೊತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಲಿಂಡಾ. ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಸ್ಕೂಲ್ ಬಸ್ ಓಡಿಸಿ ರಿಟೈರಾದವರು. ವಯಸ್ಸು ಎಪ್ಪತ್ತರ ಹತ್ತಿರ. ಹೆಸರು ಹಿಡಿದೇ ಕರೆಯಬೇಕೆಂದು ಅವರ ಹಟ. (ಮಂಡ್ಯದ ನಾಲಿಗೆ 'ಆಂಟಿ' ಬಿಡುವುದಕ್ಕೆ ವರ್ಷಗಳೇ ಹಿಡಿದವು.)

ನಮ್ಮ ಸ್ನೇಹ ಶುರುವಾಗಿದ್ದು ಮೂಗಿನಿಂದ. ಒಂದು ಭಾನುವಾರ ನಮ್ಮ ಅಡುಗೆಮನೆಯ ಮಟನ್ ಸಾರಿನ ಘಮ ಬೇಲಿ ದಾಟಿ ಅವರ ಹಿತ್ತಲಿಗೆ ಹೋಗಿತ್ತು. ಅದೇನೆಂದು ಕೇಳಿಕೊಂಡು ಬಂದರು. ಮಾರನೆಯ ದಿನ ಅವರ ಫ್ರೀಜರ್‌ನಿಂದ ಒಂದು ಪೊಟ್ಟಣ ಜಿಂಕೆ ಮಾಂಸ ನಮ್ಮ ಮನೆಗೆ ಬಂತು. ನಾನು ಅಮ್ಮನ ಲೆಕ್ಕದಲ್ಲೇ ಧನಿಯಾ, ಚಕ್ಕೆ, ಲವಂಗ, ಈರುಳ್ಳಿ ಹುರಿದು, ಕಾಯಿ ಹಾಕಿ ರುಬ್ಬಿ ಸಾರು ಮಾಡಿದೆ. ಜೊತೆಗೆ ಮುದ್ದೆ. ಲಿಂಡಾ ಮೊದಲ ತುತ್ತನ್ನು ಅಗಿಯುತ್ತಲೇ ಕೂತರು, ಕೂತರು, ಅದು ಮುಗಿಯಲೇ ಇಲ್ಲ. "ಅಗಿಯಬೇಡಿ, ನುಂಗಿ" ಅಂದೆ. ನುಂಗಿದರು. ಅಂದಿನಿಂದ ಪ್ರತಿ ಚಳಿಗಾಲ ಅವರ ಜಿಂಕೆ, ನಮ್ಮ ಮಸಾಲೆ.

(ಊರಿನಲ್ಲಿ ಜಿಂಕೆಗೆ ಕೈ ಹಾಕಿದರೆ ಜೈಲು. ಇಲ್ಲಿ ಅದಕ್ಕೊಂದು ಸೀಸನ್ನು, ಲೈಸೆನ್ಸು, ಪರ್ಮಿಟ್ಟು. ನಮ್ಮತ್ತೆಗೆ ಮಾತ್ರ ಅದು ಕುರಿ ಎಂದೇ ಹೇಳಿದ್ದೇವೆ. ದಯವಿಟ್ಟು ಈ ಅಂಕಣವನ್ನು ಹಾಸನದ ಕಡೆಗೆ ಫಾರ್ವರ್ಡ್ ಮಾಡಬೇಡಿ.)

ಲಿಂಡಾ ಪ್ರತಿ ವರ್ಷ ಬೇಟೆಗೆ ಹೋಗುತ್ತಿದ್ದುದು ತಮ್ಮನ ಜೊತೆ. ತಮ್ಮ ಈಗ ಮಗನ ಹತ್ತಿರ ಇರುತ್ತೇನೆಂದು ಅರಿಜೋನಾಗೆ ಹೋಗಿಬಿಟ್ಟಿದ್ದಾನೆ. ಲಿಂಡಾಗೆ ಮಂಡಿ ನೋವು. ಒಬ್ಬರೇ ಬೆಟ್ಟ ಹತ್ತಕೂಡದೆಂದು ಅವರ ಮಗಳ ಕಟ್ಟಪ್ಪಣೆ.

"ಜೊತೆಗೆ ಬರೋರು ಯಾರೂ ಇಲ್ಲ. ಈ ವರ್ಷ ರೈಫಲ್ ಮಾರಿಬಿಡುತ್ತೇನೆ" ಎಂದು ಬೇಲಿಯ ಆಚೆಯಿಂದ ಹೇಳಿದರು. ನಗುತ್ತಲೇ ಹೇಳಿದರು. ಆದರೆ ಹೇಳಿದ ಮೇಲೂ ಒಳಗೆ ಹೋಗದೆ ಬೇಲಿ ಹಿಡಿದುಕೊಂಡೇ ನಿಂತಿದ್ದರು.

"ನಾನು ಬರುತ್ತೇನೆ" ಅಂದುಬಿಟ್ಟೆ.

ಒಳಗೆ ಬಂದು ಹೇಳಿದರೆ ಗಂಡ ಮಂಜು ಕಾಫಿ ಲೋಟ ಕೆಳಗಿಟ್ಟ.

"ನೀನಾ? ಗ್ರೋಸರಿಗೆ ಹೋದ್ರೆ ಫ್ರೋಜನ್ ಸೆಕ್ಷನ್ ಹತ್ರ ಸ್ವೆಟರ್ ಹಾಕ್ಕೊಳೋಳು ನೀನು! ಅಲ್ಲಿ ಐಸ್ ಬೀಳತ್ತೆ ಕಣೇ."

"ಅದಕ್ಕೆ ಒಂದು ಸೂಟು ಬರತ್ತಂತೆ ರೀ. ಲಿಂಡಾನೇ ಆರಿಸ್ಕೊಡ್ತಾರಂತೆ."

ಹಾಗೆ ಒಂದು ಶನಿವಾರ ಲಿಂಡಾ, ನಾನು, ಮಂಜು, ಮಗಳು ಸಾನ್ವಿ, ನಾಲ್ವರೂ ಬೇಟೆ ಸಾಮಾನಿನ ಅಂಗಡಿಗೆ ಹೊರಟೆವು. ಒಂದು ಬಟ್ಟೆ ಕೊಳ್ಳುವುದಕ್ಕೆ ಮನೆ ಮಂದಿಯೆಲ್ಲ ಹೋಗುವ ಅಭ್ಯಾಸವನ್ನು ನಾವು ಸಮುದ್ರ ದಾಟಿದರೂ ಬಿಟ್ಟಿಲ್ಲ ನೋಡಿ. ಊರಿನ ಸೀರೆ ಅಂಗಡಿಯಾಗಿದ್ದರೆ ಒಂದು ರೌಂಡು ಕಾಫಿಯಾದರೂ ಬರುತ್ತಿತ್ತು.

ಗೋಡೆ ತುಂಬ ಸೂಟುಗಳು. ಎಲ್ಲವೂ ಎಲೆ, ಕಡ್ಡಿ, ಒಣಹುಲ್ಲಿನ ಬಣ್ಣ. ನಾನು ಕೈಗೆ ಸಿಕ್ಕಿದ ತೆಳ್ಳನೆಯದನ್ನು ಎತ್ತಿಕೊಂಡೆ. ನೋಡುವುದಕ್ಕೆ ಸ್ಟೈಲಾಗಿತ್ತು. ಲಿಂಡಾ ಕಿತ್ತುಕೊಂಡು ವಾಪಸ್ ನೇತುಹಾಕಿದರು. ಅದು ನಡೆಯುವವರ ಸೂಟಂತೆ. ನಾವು ಕೂರುವವರು.

ವ್ಯತ್ಯಾಸ ಏನು? ತುಂಬ ಇದೆಯಂತೆ. ನಡೆಯುವವರಿಗೆ ಮೈಯೇ ಬಿಸಿ ಕೊಡುತ್ತದೆ. ಅವರು ದಪ್ಪದ್ದನ್ನು ಹಾಕಿಕೊಂಡರೆ ಬೆವರುತ್ತಾರೆ, ಆಮೇಲೆ ಅದೇ ಬೆವರು ತಣ್ಣಗಾಗಿ ನಡುಗುತ್ತಾರೆ. ಕೂರುವವರು ದಪ್ಪನೆಯ ಬಾಡಿ ಸೂಟನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ, ಜಾಗ ತಲುಪಿದ ಮೇಲೆ ಅದರೊಳಗೆ ಇಳಿಯಬೇಕು. ಇಳಿಯಬೇಕು ಅಂದಿದ್ದು ಸುಮ್ಮನೆ ಅಲ್ಲ. ಅದಕ್ಕೆ ಎರಡು ಕಾಲೇ ಇಲ್ಲ. ಕತ್ತಿನಿಂದ ಪಾದದವರೆಗೆ ಒಂದೇ ಚೀಲ, ಮುಂದೆ ಉದ್ದಕ್ಕೆ ಜಿಪ್ಪು. ನಮ್ಮನೆಯ ದಪ್ಪ ರಗ್ಗಿಗೆ ತೋಳು ಹೊಲಿದ ಹಾಗೆ. ಬೇಕಾದರೆ ಕೈಗಳನ್ನೂ ತೋಳಿನಿಂದ ಎಳೆದುಕೊಂಡು ಹೊಟ್ಟೆಯ ಹತ್ತಿರ ಬೆಚ್ಚಗೆ ಇಟ್ಟುಕೊಳ್ಳಬಹುದು.

ಈ ದೇಶದಲ್ಲಿ ಓಡುವುದಕ್ಕೆ ಒಂದು ಬಟ್ಟೆ, ಸೈಕಲ್ಲಿಗೆ ಒಂದು, ಯೋಗಕ್ಕೆ ಒಂದು. ಸುಮ್ಮನೆ ಕೂರುವವರ ಕಷ್ಟವನ್ನು ಯಾರೋ ಒಬ್ಬರಾದರೂ ಯೋಚಿಸಿದ್ದಾರಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

ಮುಂದಿನ ಪರೀಕ್ಷೆ ಸದ್ದಿನದು. ಲಿಂಡಾ ಒಂದೊಂದೇ ಸೂಟಿನ ತೋಳನ್ನು ನನ್ನ ಕಿವಿಯ ಹತ್ತಿರ ತಂದು ಉಜ್ಜಿದರು. ಸರ ಸರ ಅಂದದ್ದು ಫೇಲು. ಪರ್ ಎಂದು ಬಿಡಿಸಿಕೊಳ್ಳುವ ವೆಲ್ಕ್ರೋ ಇದ್ದದ್ದು ಫೇಲು. ಜಿಪ್ಪಿನ ಕೊನೆಯಲ್ಲಿ ಲೋಹದ ತುಂಡು ಕಿಣಿಗುಟ್ಟಿದ್ದು ಫೇಲು. ಜಿಂಕೆಯ ಕಿವಿ ಅಂಥದ್ದಂತೆ. ನನಗೆ ನಗು ತಡೆಯಲಾಗಲಿಲ್ಲ. ನಮ್ಮಮ್ಮನೂ ಅಂಗಡಿಯಲ್ಲಿ ಹೀಗೇ ರೇಷ್ಮೆ ಸೆರಗನ್ನು ಉಜ್ಜಿ ಕಿವಿಗೊಡುತ್ತಿದ್ದಳು. ಸರಭರ ಅನ್ನದ ಸೀರೆಯನ್ನು ಮುಲಾಜಿಲ್ಲದೆ ಪಕ್ಕಕ್ಕೆ ತಳ್ಳುತ್ತಿದ್ದಳು!

ಕೊನೆಗೆ ಒಂದು ಸೂಟು ಪಾಸಾಯಿತು. ಉಣ್ಣೆಯಂತೆ ಮೆತ್ತಗೆ, ಉಜ್ಜಿದರೂ ಉಸಿರಿಲ್ಲ. ಲಿಂಡಾ ನನ್ನನ್ನು ಅದರೊಳಗೆ ಇಳಿಸಿ ಅಂಗಡಿಯ ನಡುವೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಕೂರುವ ಸೂಟನ್ನು ನಿಂತು ನೋಡಿ ಕೊಳ್ಳಬಾರದಂತೆ. ಕತ್ತು ತಿರುಗುತ್ತದೆಯೇ? ತಿರುಗಿತು. ಮಂಡಿ ಮಡಚುತ್ತದೆಯೇ? ಮಡಚಿತು. ಬೆವರು ಕಿತ್ತುಕೊಂಡು ಬಂತು.

"ಅಮ್ಮಾ, ಯು ಲುಕ್ ಲೈಕ್ ಅ ಬರೀಟೋ!" ಎಂದು ಸಾನ್ವಿ ಫೋಟೋ ತೆಗೆದಳು. (ಬರೀಟೋ ಅಂದರೆ ಪಲ್ಯ ತುಂಬಿ ಬಿಗಿಯಾಗಿ ಸುತ್ತಿದ ದಪ್ಪ ಚಪಾತಿ.) ನಾನು ಕೈ ಹೊರಗೆ ತೆಗೆಯುವಷ್ಟರಲ್ಲಿ ಅದು ಫ್ಯಾಮಿಲಿ ಗ್ರೂಪಿಗೆ ಹೋಗಿ, ಅತ್ತೆಯಿಂದ "ಹೊಸ ನೈಟಿ ಚೆನ್ನಾಗಿದೆ" ಎಂಬ ಉತ್ತರವೂ ಬಂದಿತ್ತು.

ಇಷ್ಟೂ ಹೊತ್ತು ಮಂಜು ಎಲ್ಲಿದ್ದ? ಕೌಂಟರಿನಲ್ಲಿ ರಿಟರ್ನ್ ಪಾಲಿಸಿಯ ಬೋರ್ಡು ಓದುತ್ತಿದ್ದ. ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದ.

"ಪ್ರೈಸ್ ಟ್ಯಾಗ್ ಹಾಗೇ ಇದ್ರೆ ವಾಪಸ್ ತಗೋತಾರಂತೆ. ಒಂದ್ ವೀಕೆಂಡಿಗೆ ತಾನೆ? ನೀಟಾಗಿ ಹಾಕ್ಕೊಂಡು ಬಂದು ಕೊಟ್ಬಿಡೋಣ. ಟ್ಯಾಗ್ ಮಾತ್ರ ಕತ್ತರಿಸ್ಬೇಡ ಕಣೇ."

ಸುಳ್ಳೇಕೆ ಹೇಳಲಿ, ನನಗೂ ಅದು ಸರಿ ಅನ್ನಿಸಿತು. ನಿಮಗೂ ಅನ್ನಿಸುತ್ತಿತ್ತು, ಬಿಡಿ. ಮನೆಗೆ ಬಂದ ಮೇಲೆ ಮಂಜು ಆ ಟ್ಯಾಗನ್ನು ಕಾಲರಿನೊಳಗೆ ಮಡಚಿ, ನನ್ನ ಸೀರೆ ಪಿನ್ನಿನಿಂದ ಭದ್ರ ಮಾಡಿದ. ದಪ್ಪ ರಟ್ಟಿನ ಟ್ಯಾಗು, ಹೊಳೆಯುವ ಪ್ಲಾಸ್ಟಿಕ್ ಲೇಪನ ಬೇರೆ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಲಿಂಡಾ, ನಾನು ಇಬ್ಬರೇ ಅವರ ಟ್ರಕ್ಕಿನಲ್ಲಿ ಉತ್ತರಕ್ಕೆ ಹೊರಟೆವು. ಒರೆಗಾನ್ ಗಡಿಯ ಹತ್ತಿರ, ಪೈನ್ ಮರಗಳ ಬೆಟ್ಟ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹತ್ತಿದೆವು. ಲಿಂಡಾ ಮುಂದೆ, ಕೋಲೂರಿಕೊಂಡು, ನಿಧಾನವಾಗಿ. ನಾನು ಹಿಂದೆ, ಸೂಟಿನ ಚೀಲ ಹೊತ್ತುಕೊಂಡು. ಹುಲ್ಲೆಲ್ಲ ಬೆಳ್ಳಗೆ ಹಿಮಗಟ್ಟಿತ್ತು. ಮೂಗು ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮರದ ಬುಡದಲ್ಲಿ ಜಾಗ ಮಾಡಿಕೊಂಡು ಇಬ್ಬರೂ ಸೂಟಿನೊಳಗೆ ಇಳಿದೆವು. ಜಿಪ್ ಎಳೆದೆ. ಕೈಗಳನ್ನು ಒಳಗೆ ಸೇರಿಸಿದೆ. ಅಬ್ಬಾ, ಏನು ಸುಖ! ಹೊರಗೆ ಬೆಟ್ಟವೆಲ್ಲ ಹೆಪ್ಪುಗಟ್ಟಿದೆ, ಒಳಗೆ ನಾನು ಬಿಸಿ ಬಿಸಿ ಕಡುಬು. ಮಾತಿಲ್ಲ, ಫೋನಿಲ್ಲ. ಮೊದಮೊದಲು ಸೋಮವಾರದ ಮೀಟಿಂಗು ತಲೆಗೆ ಬಂತು. ಆಮೇಲೆ ಅದೂ ಬರಲಿಲ್ಲ. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ದುಡ್ಡು ಕೊಟ್ಟು ಧ್ಯಾನ ಹೇಳಿಕೊಡಿಸುತ್ತಾರೆ. ಅಲ್ಲಿ ಒಂದು ದಿನವೂ ನನ್ನ ಮನಸ್ಸು ಹೀಗೆ ನಿಂತಿರಲಿಲ್ಲ.

ಬಿಸಿಲು ಎದುರಿನ ಇಳಿಜಾರಿಗೆ ತಾಕುತ್ತಿದ್ದಂತೆ ಲಿಂಡಾ ಕಣ್ಣಿನಲ್ಲೇ ತೋರಿಸಿದರು. ಪೊದೆಗಳ ನಡುವೆ ಒಂದು ಗಂಡು ಜಿಂಕೆ. ದೊಡ್ಡ ಕೊಂಬು. ತಲೆ ತಗ್ಗಿಸಿ ಮೇಯುತ್ತಾ ನಮ್ಮ ಕಡೆಗೇ ಬರುತ್ತಿದೆ.

ನಾನು ಜಿಂಕೆಗಿಂತ ಹೆಚ್ಚಾಗಿ ಲಿಂಡಾ ಮುಖ ನೋಡಿದೆ. ಮಂಡಿ ನೋವಿಲ್ಲ, ವಯಸ್ಸಿಲ್ಲ, ತಮ್ಮ ಬಂದಿಲ್ಲವೆಂಬ ಬೇಸರವಿಲ್ಲ. ರೈಫಲ್ ನಿಧಾನವಾಗಿ ಮೇಲೇರಿತು. ನಾನು ಉಸಿರು ಬಿಗಿಹಿಡಿದೆ.

ಆಗ ಗಾಳಿ ಬೀಸಿತು.

ಪಟ. ಪಟ. ಪಟ ಪಟ ಪಟ ಪಟ.

ಎಲ್ಲಿಂದ? ನನ್ನ ಕತ್ತಿನಿಂದ! ಸೀರೆ ಪಿನ್ನು ಯಾವಾಗಲೋ ಕೈಕೊಟ್ಟಿತ್ತು. ಹೊರಗೆ ಬಿದ್ದ ಟ್ಯಾಗು ಗಾಳಿಗೆ ಸಿಕ್ಕಿ ಬಡಿದುಕೊಳ್ಳುತ್ತಿತ್ತು. ಹಿಡಿಯೋಣವೆಂದರೆ ಕೈಗಳೆರಡೂ ಹೊಟ್ಟೆಯ ಹತ್ತಿರ ಬೆಚ್ಚಗೆ ಕೂತಿವೆ. ತೋಳು ಎಲ್ಲಿ, ಜಿಪ್ಪು ಎಲ್ಲಿ ಎಂದು ಒಳಗೊಳಗೇ ತಡಕಾಡಿದೆ. ಜಿಂಕೆ ತಲೆಯೆತ್ತಿತು. ಕಿವಿ ನಿಮಿರಿಸಿತು. ನನ್ನನ್ನೇ ದಿಟ್ಟಿಸಿತು. ಛಂಗನೆ ಹಾರಿ, ಇಳಿಜಾರಿನ ಆಚೆ ಮಾಯವಾಯಿತು.

ಲಿಂಡಾ ರೈಫಲ್ ಇಳಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಸಾರಿ, ಸಾರಿ ಲಿಂಡಾ" ಅನ್ನುವಾಗ ಅಳುವೇ ಬಂದಿತ್ತು.

ಅವರು ನನ್ನ ಕತ್ತಿನ ಟ್ಯಾಗನ್ನು ಎಳೆದು ಹಿಡಿದರು. ಓದುವ ಕನ್ನಡಕ ಹಾಕಿಕೊಂಡರು. ದೊಡ್ಡ ಅಕ್ಷರದಲ್ಲಿದ್ದುದನ್ನು ಜೋರಾಗಿ ಓದಿದರು. "ಇಡೀ ಕಾಡಿನಲ್ಲೇ ಅತ್ಯಂತ ನಿಶ್ಶಬ್ದವಾದ ಬಟ್ಟೆ."

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆ ಬೆಟ್ಟದಲ್ಲಿ ಅಳಿದುಳಿದ ಜಿಂಕೆಗಳೂ ಆ ನಗುವಿಗೇ ಓಡಿಹೋಗಿರಬೇಕು. ನಾನೂ ನಕ್ಕೆ.

ನಗು ಮುಗಿದ ಮೇಲೆ ಕೇಳಿದರು. "ಇದನ್ನು ಯಾಕೆ ಕತ್ತರಿಸಿಲ್ಲ?"

ಹೇಳಿದೆ. ವಾಪಸ್ ಕೊಡುವುದಕ್ಕೆ ಅಂತ.

"ಓ" ಅಂದರು. ಕನ್ನಡಕ ತೆಗೆದು ಒರೆಸತೊಡಗಿದರು. "ಅಂದರೆ ಮುಂದಿನ ವರ್ಷ ನೀನು ಬರುವುದಿಲ್ಲ."

ಜಿಂಕೆ ತಪ್ಪಿದಾಗ ಇಲ್ಲದ ಬೇಸರ ಆ ದನಿಯಲ್ಲಿತ್ತು. ನನ್ನ ಎದೆಗೆ ನಾಟಿದ್ದು ಅದು. ಬೇಲಿ ಹಿಡಿದು ನಿಂತಿದ್ದವರಿಗೆ ದೊಡ್ಡದಾಗಿ "ನಾನು ಬರುತ್ತೇನೆ" ಅಂದಿದ್ದೆನಲ್ಲ? ಆ ಮಾತಿಗೂ ನಾನು ಟ್ಯಾಗ್ ಇಟ್ಟುಕೊಂಡೇ ಬಂದಿದ್ದೆ. ಒಂದು ವೀಕೆಂಡಿಗೆ, ಕೊಳೆಯಾಗದ ಹಾಗೆ.

ಹೇಗೋ ಒದ್ದಾಡಿ ಜಿಪ್ ಎಳೆದು ಕೈ ಹೊರಗೆ ಚಾಚಿದೆ. "ನಿಮ್ಮ ಚಾಕು ಕೊಡಿ."

ಸೊಂಟದ ಚಾಕುವನ್ನು ತೆಗೆದು, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟರು. ಪ್ಲಾಸ್ಟಿಕ್ ದಾರವನ್ನು ಕತ್ತರಿಸಿದೆ. ಟಕ್ ಎಂದಿತು. ಆ ಬೇಟೆಯಲ್ಲಿ ಚಾಕುವಿಗೆ ಬಿದ್ದ ಕೆಲಸ ಅದೊಂದೇ.

ಲಿಂಡಾ ಟ್ಯಾಗನ್ನು ಜೇಬಿಗೆ ಸೇರಿಸಿದರು. ಇಳಿಯುವಾಗ ಮಂಡಿ ಹಿಡಿದುಕೊಂಡು ಒಂದು ಬಂಡೆಯ ಹತ್ತಿರ ನಿಂತರು. "ಈ ರೈಫಲ್ಲಿಗೆ ಹೊಸ ಹೆಗಲಪಟ್ಟಿ ಹಾಕಿಸಬೇಕು. ಮುಂದಿನ ಅಕ್ಟೋಬರಿನೊಳಗೆ" ಅಂದರು. ಮಾರುವ ಮಾತು ಮತ್ತೆ ಬರಲಿಲ್ಲ.

ಭಾನುವಾರವೂ ಕೂತೆವು. ಎರಡು ಹೆಣ್ಣು ಜಿಂಕೆ ಬಂದವು; ಅವಕ್ಕೆ ಪರ್ಮಿಟ್ಟಿಲ್ಲ. ಖಾಲಿ ಐಸ್ ಬಾಕ್ಸಿನೊಂದಿಗೆ ಮನೆಗೆ ಬಂದೆವು. ಬಾಗಿಲು ತೆರೆದ ಮಂಜು ಜಿಂಕೆ ಸಿಕ್ಕಿತಾ ಎಂದು ಕೇಳಲಿಲ್ಲ. ಚಳಿಯಾಯಿತಾ ಎಂದೂ ಕೇಳಲಿಲ್ಲ.

"ಟ್ಯಾಗ್ ಎಲ್ಲೇ?"

ಟ್ಯಾಗು ಈಗ ಲಿಂಡಾ ಅವರ ಫ್ರಿಜ್ಜಿನ ಮೇಲಿದೆ, ಮ್ಯಾಗ್ನೆಟ್ಟಿನ ಕೆಳಗೆ. ಬಂದವರಿಗೆಲ್ಲ ಈ ವರ್ಷದ ಬೇಟೆ ಎಂದು ತೋರಿಸುತ್ತಾರೆ. ಆ ವಾರ ಕೋಳಿ ಸಾರಿನಲ್ಲೇ ಮುದ್ದೆ ನುಂಗಿದೆವು.

ಊಟವಾದ ಮೇಲೆ ನಮ್ಮನೆಯನ್ನೊಮ್ಮೆ ನೋಡಿದೆ. ಮೈಕ್ರೋವೇವಿನ ಬಾಗಿಲಿಗೆ ಕಂಪನಿಯವರು ಅಂಟಿಸಿದ ಹಾಳೆ ಹಾಗೇ ಇದೆ. ಕಾರಿನ ಹಿಂದಿನ ಸೀಟಿಗೆ ಪ್ಲಾಸ್ಟಿಕ್ಕು. ಬೀರುವಿನಲ್ಲಿ ಟ್ಯಾಗ್ ಸಮೇತ ಎರಡು ಕೋಟು. ಸಾನ್ವಿಯನ್ನು ಕರೆದು ಮೈಕ್ರೋವೇವ್ ತೋರಿಸಿ "ಕಿತ್ಹಾಕು" ಅಂದೆ. "ರಿಯಲಿ? ಫೈನಲಿ!" ಎಂದು ಒಂದೇ ಏಟಿಗೆ ಸುಲಿದಳು. ಆ ಮುಖದ ಸಂತೋಷ ನೀವು ನೋಡಬೇಕಿತ್ತು.

ಮಂಜು ಸೋಫಾದಲ್ಲಿ ರಿಮೋಟನ್ನು ಎದೆಗೆ ಒತ್ತಿಕೊಂಡು ಕೂತಿದ್ದ. "ಇದೊಂದನ್ನ ಬಿಟ್ಬಿಡೇ. ಹೊಸದರ ಹಾಗೇ ಇದೆ."

ಒಳಗಿರುವುದು ಹೊಸದರ ಹಾಗಿದೆ, ನಿಜ. ಮೇಲಿನ ಕವರ್ ಹಳದಿಯಾಗಿ, ಬಟನ್ನಿನ ನಂಬರುಗಳೇ ಕಾಣದಾಗಿವೆ.

ಅಂದಹಾಗೆ, ದುಡ್ಡು ಕೊಟ್ಟು ಇಷ್ಟು ವರ್ಷವಾಯಿತಲ್ಲ, ನಿಮ್ಮ ಮನೆಯ ರಿಮೋಟು ಈಗಲಾದರೂ ನಿಮ್ಮದಾಗಿದೆಯೇ?