ಹುಣಸೆಮರದ ತನಕ

ಕೊಟ್ಟೂರಿನಲ್ಲಿ ಬಸ್ಸು ಹತ್ತಿ ಕೂತರೆ ಒಂದು ನಿದ್ದೆ ಸರಿಯಾಗಿ ಹತ್ತುವುದಿಲ್ಲ, ಅಷ್ಟರಲ್ಲಿ ಹರಪನಹಳ್ಳಿ ಬಂತು ಇಳೀರಿ ಎಂದು ಕಂಡಕ್ಟರ್ ಕೂಗುತ್ತಾನೆ. ಅಷ್ಟೇ ದಾರಿಯನ್ನು ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ತನ್ನ ಗಾಡಿಯಲ್ಲಿ ಹೋಗಲಿಕ್ಕೆ ನಮ್ಮೆದುರು ಷೆಡ್ಡಿನ ರಾಜಾಸಾಬಣ್ಣ ಮೂವತ್ತು ವರ್ಷದ ಮೇಲೆ ತಗೊಂಡ. ನಡೆದುಕೊಂಡು ಹೊರಟವರಾಗಿದ್ದರೆ ಅಷ್ಟರಲ್ಲಿ ಕಾಶಿಗೆ ಹೋಗಿ ಬಂದು ಊರಿಗೆಲ್ಲ ಊಟ ಹಾಕಿರುತ್ತಿದ್ದರು.

ನಾನು ಅಂಜಿನಕ್ಕ. ಊರು ಮುಗಿದು ಹರಪನಹಳ್ಳಿ ಹೆದ್ದಾರಿ ಶುರುವಾಗುವಲ್ಲಿ, ರಸ್ತೆಯ ಈ ಕಡೆ ನನ್ನ ಒಗ್ಗರಣಿ-ಮಿರ್ಚಿ ಅಂಗಡಿ, ಆ ಕಡೆ ಅವನ ಷೆಡ್ಡು. ಕಾರು, ಜೀಪು, ಟೆಂಪೋ ಯಾವುದು ಕೆಟ್ಟರೂ ಅವನೇ ಬೇಕು. ಅವನ ಹೆಂಡತಿ ಶಹಜಾನಬಿ ಮಧ್ಯಾಹ್ನ ಬುತ್ತಿ ತಂದುಕೊಟ್ಟು, ಅವನು ಉಂಡು ಡಬ್ಬಿ ಖಾಲಿ ಮಾಡುವ ತನಕ ನನ್ನ ಬೆಂಚಿನ ಮೇಲೆ ಕೂತಿರುತ್ತಾಳೆ. ಹಾಗೆ ಕೂತೂ ಕೂತೂ ನನಗೂ ಅವಳಿಗೂ ಮುಚ್ಚುಮರೆ ಉಳಿದಿಲ್ಲ. ಗಂಡಹೆಂಡಿರಿಬ್ಬರನ್ನೂ ಬೈಯುವ ಹಕ್ಕು ನನಗಿದೆ, ಆಗಾಗ ಬೈದೂ ಇದ್ದೇನೆ.

ಮೊದಲು ಅವನ ಕೆಲಸದ ರೀತಿ ಹೇಳಬೇಕು. ರಿಪೇರಿ ಮುಗಿದ ಮೇಲೆ ಪ್ರತಿ ಗಾಡಿಯನ್ನೂ ತಾನೇ ಟ್ರಯಲ್ಲಿಗೆ ಒಯ್ಯುತ್ತಾನೆ. ಹರಪನಹಳ್ಳಿ ದಾರಿಯಲ್ಲಿ ಸಣ್ಣ ಸೇತುವೆ ದಾಟಿದ ಮೇಲೆ ಒಂದು ದೊಡ್ಡ ಹುಣಸೆಮರ ಇದೆ. ಅಲ್ಲಿತನಕ ಹೋಗುವುದು, ಕಿವಿಗೊಟ್ಟು ಎಂಜಿನ್ ಸದ್ದು ಕೇಳುವುದು, ಮರದ ಬುಡದಲ್ಲಿ ಗಾಡಿ ತಿರುಗಿಸಿಕೊಂಡು ಬರುವುದು. ಬಂದವನೇ ಬಾನೆಟ್ ಎತ್ತಿ ಒಮ್ಮೆ ಬಗ್ಗಿ ನೋಡಿ, ಕೈ ಒರೆಸಿಕೊಳ್ಳುತ್ತ, "ಮದುವಿ ಹೆಣ್ಣು ಆಗೈತಿ ನೋಡ್ರಿ, ಕರ್ಕೊಂಡು ಹೋಗ್ರಿ" ಎನ್ನುತ್ತಾನೆ. ಮುದಿ ಜೀಪಿಗೂ ಅದೇ ಮಾತು, ಹೊಸ ಕಾರಿಗೂ ಅದೇ ಮಾತು.

ಇನ್ನೊಂದು ಅವನ ನೇಮ. ಗಿರಾಕಿ ಗಾಡಿಯ ಒಂದು ಬೋಲ್ಟನ್ನೂ ಬಿಚ್ಚಿ ಇನ್ನೊಬ್ಬರಿಗೆ ಹಾಕುವವನಲ್ಲ. ಅದರಲ್ಲಿ ಮನೆಯವರನ್ನು ಕೂಡಿಸುವುದೂ ಇಲ್ಲ. "ನಂಬಿ ಬಿಟ್ಟು ಹೋಗ್ಯಾರಕ್ಕಾ. ಗಿರಾಕಿ ಗಾಡಿ ಮುಟ್ಟಂಗಿಲ್ಲ" ಎನ್ನುತ್ತಾನೆ. ಹೀಗಾಗಿ ಸುತ್ತಿನ ಕಾರುಗಳೆಲ್ಲ ಅವನ ಕೈಯಲ್ಲಿ ಓಡಿದರೂ ಶಹಜಾನಬಿ ಒಂದರಲ್ಲೂ ಕೂತವಳಲ್ಲ.

ಈಗ ಶುಕ್ರವಾರದ ವಿಷಯ. ಅವರ ಪೈಕಿ ಮದುವೆಯಾದ ಮೇಲೆ ಜುಮ್ಮಾಗಿ ಅಂತ ಮಾಡುತ್ತಾರೆ. ಹೊಸ ಗಂಡಹೆಂಡಿರನ್ನು ಶುಕ್ರವಾರ ಕರೆದು ಉಣಿಸುವುದು, ಹೀಗೆ ಐದು ಶುಕ್ರವಾರ. ಶಹಜಾನಬಿಯ ತವರು ಹರಪನಹಳ್ಳಿ. ಇಬ್ಬರೂ ಬಸ್ಸಿನಲ್ಲಿ ಹೋಗಿಬಂದು ನಾಲ್ಕು ಜುಮ್ಮಾಗಿ ಸುಸೂತ್ರವಾಗಿ ಮುಗಿದವು. ಐದನೆಯದಕ್ಕೆ ಹೊಸ ಬಟ್ಟೆ ಉಟ್ಟು ಹೊರಟ ಹೊತ್ತಿಗೆ, ಮೈಲಾರಕ್ಕೆ ಹೊರಟಿದ್ದ ಜನರನ್ನು ತುಂಬಿಕೊಂಡ ಲಾರಿಯೊಂದು ಕೆಮ್ಮುತ್ತ ಬಂದು ಷೆಡ್ಡಿನ ಮುಂದೆ ನಿಂತಿತಂತೆ. ಕೂಸುಗಳು ಅಳುತ್ತಿದ್ದವು. "ಮುಂದಿನ ವಾರ ಹೋದ್ರಾತು" ಎಂದು ಇವನು ಅಂಗಿ ಕಳೆದ. ಆ ಮುಂದಿನ ವಾರ ಬರಲೇ ಇಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಷೆಡ್ ಮುಚ್ಚುತ್ತದೆಂದು ಗೊತ್ತಿದ್ದ ಗಿರಾಕಿಗಳು ಬೆಳಿಗ್ಗೆಯೇ ಬಂದು ಮುತ್ತುತ್ತಿದ್ದರು. ಮದುವೆ, ಸಾವು ಎಂದರೆ ಅತ್ತೆಮನೆಗೆ ಹೋಗಿದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಅವಳು ಎರಡು ದಿನ ಮುಂಚೆ ಬಸ್ಸಿನಲ್ಲಿ, ಇವನು ಕೊನೆಗಳಿಗೆಯಲ್ಲಿ ಯಾವುದೋ ಲಾರಿಯಲ್ಲಿ.

ಅವಳ ತಾಯಿ ಮಾತ್ರ ಲೆಕ್ಕ ಬಿಟ್ಟಿರಲಿಲ್ಲ. ಮಗಳು ಬಸ್ಸಿಳಿದು ಬಾಗಿಲಿಗೆ ಬಂದರೆ ಆ ಮುದುಕಿ ಮೊದಲು ಮಗಳ ಬೆನ್ನ ಹಿಂದೆ ನೋಡುತ್ತಿದ್ದಳು. ಆಮೇಲೆ, "ಒಬ್ಬಾಕೀನ ಬಂದಿಯೇನವಾ" ಎನ್ನುತ್ತಿದ್ದಳು. ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲಂತೂ ರಾಜಾಸಾಬಣ್ಣನಿಗೆ ಒಳ್ಳೇ ನೆವ ಸಿಕ್ಕಿತು. "ಫ್ರೀ ಬಸ್ ಐತಲ್ಲ, ಹೋಗಿ ಬಾ" ಎನ್ನುವುದು, ಸ್ಪ್ಯಾನರ್ ಹಿಡಿಯುವುದು. ಕೂಡ್ಲಿಗಿಯಲ್ಲಿ ಟೈರಿನ ಅಂಗಡಿ ಇಟ್ಟಿರುವ ಮಗ ನಯಾಜ, ನಾನೇ ಕಾರು ತರುತ್ತೇನೆ ಎಂದಿದ್ದ. ಅವಳು, "ನಿನ್ನ ಜೋಡಿ ಜುಮ್ಮಾಗಿಗೆ ಹೋಗ್ಲೇನು, ಹುಚ್ಚಪ್ಪಾ" ಎಂದು ನಕ್ಕು ಕಳಿಸಿದಳು.

ನಗುತ್ತಿದ್ದಳು, ಆದರೆ ಒಳಗೆ ಏನಿತ್ತು ಎಂಬುದು ಒಂದು ದಿನ ನನ್ನ ಬೆಂಚಿನ ಮೇಲೆ ಹೊರಬಿತ್ತು.

"ಅಂಜಿನಕ್ಕಾ, ಬಸ್ಸಿನ್ಯಾಗ ನಾ ಕಿಟಕಿ ಕಡೆನ ಕುಂದ್ರತೀನಿ. ಆ ಹುಣಸಿಮರ ಬರೂತನಕ ನೋಡ್ತೀನಿ. ಇಲ್ಲಿತನಕ ಇವರು ದಿನಾ ಬರ್ತಾರ. ಬಂದು ಬಂದು ತಿರುಗತಾರ. ಇನ್ನೊಂದೀಟು ಮುಂದ ಬಂದ್ರ ಏನಾಗತಿತ್ತು ಅನಸ್ತೈತಿ. ಮರ ಹಿಂದ ಹೋದ ಮ್ಯಾಲ ಕಿಟಕಿ ನೋಡಾಕ ಮನಸ್ಸಾಗೂದಿಲ್ಲ."

ನಾನು ಎದ್ದೆ. ಸೀದಾ ರಸ್ತೆ ದಾಟಿ ಹೋಗಿ, ಗಿರಾಕಿಗಳ ಮುಂದೆಯೇ ಅವನಿಗೆ ಹೇಳಿದೆ, "ಊರಿಗೆ ಉಪಕಾರಿ, ಮನಿಗೆ ಮಾರಿ ಅಂದ್ರ ನೀನ ನೋಡಣ್ಣಾ." ಅವನು ಎಂಜಿನ್ನಿನೊಳಗೆ ಇನ್ನಷ್ಟು ಬಗ್ಗಿದ.

ಎರಡು ವರ್ಷದ ಹಿಂದೆ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಹಾಸಿಗೆಯಿಂದಲೇ ಫೋನಿನಲ್ಲಿ ಅಳಿಯನಿಗೆ ಹೇಳಿದಳಂತೆ, "ನಿನ್ನ ಮುಂದ ಇನ್ನೊಂದು ತಾಟು ಇಡೂದು ಉಳದೈತಪ್ಪಾ. ಇಟ್ಟು ಹೋಗ್ತೀನಿ, ಬಾ." ಅದು ಅವನಿಗೆ ನಾಟಿತು. ಆ ವಾರವೇ ಹಗರಿಬೊಮ್ಮನಹಳ್ಳಿಗೆ ಹೋಗಿ, ನಿವೃತ್ತ ಹೆಡ್‌ಮಾಸ್ತರೊಬ್ಬರ ಬೇವಿನಮರದ ಕೆಳಗೆ ಮಣ್ಣು ತಿನ್ನುತ್ತಿದ್ದ ಹಳೇ ಮಾರುತಿ ಕಾರನ್ನು ಕೊಂಡು, ಹಗ್ಗ ಕಟ್ಟಿ ಎಳೆತಂದ. ಬಿಳಿ ಬಣ್ಣ ಹೋಗಿ ಮಜ್ಜಿಗೆ ಬಣ್ಣಕ್ಕೆ ಬಂದಿತ್ತು. ಅದನ್ನು ಮೊದಲು ಕಂಡ ದಿನ ಶಹಜಾನಬಿ ಡಬ್ಬಿ ಕೊಡುವುದನ್ನೂ ಮರೆತು ಅದರ ಸುತ್ತ ತಿರುಗಿದಳು.

ಅಲ್ಲಿಂದ ಶುರುವಾಯಿತು ಪ್ಲಾನು. ಯಾವ ಶುಕ್ರವಾರ, ಎಷ್ಟು ಹೊತ್ತಿಗೆ, ದಾರಿಯಲ್ಲಿ ಎಲ್ಲಿ ಚಹಾ ಕುಡಿಯುವುದು, ಅಮ್ಮನಿಗೆ ಏನು ಒಯ್ಯುವುದು, ಕಿಟಕಿ ತೆರೆಯುವುದೋ ಮುಚ್ಚುವುದೋ. ಚಂದ್ರಲೋಕಕ್ಕೆ ಹೋಗುವವರೂ ಇಷ್ಟು ಮಾತಾಡಿರಲಿಕ್ಕಿಲ್ಲ. ಶುಕ್ರವಾರ ಹತ್ತೂವರೆಗೆ ರಾಹುಕಾಲ, ಅದರೊಳಗೆ ಹೊರಡಬೇಕು ಎಂದು ನಾನು ತಾಕೀತು ಮಾಡಿದೆ. ಅವಳು ಅದನ್ನೂ ಒಪ್ಪಿದಳು.

ಆದರೆ ಗಾಡಿ ಸ್ವಂತದ್ದಾಗಿದ್ದೇ ತಪ್ಪಾಯಿತು. ಗಿರಾಕಿ ಗಾಡಿ ಮುಟ್ಟಂಗಿಲ್ಲ ಸರಿ, ತನ್ನ ಗಾಡಿ ಮುಟ್ಟಬಾರದು ಅಂತ ಎಲ್ಲಿದೆ? ಉಚ್ಚಂಗಿದುರ್ಗಕ್ಕೆ ಹರಕೆ ಹೊತ್ತು ಹೊರಟವರ ಕಾರು ನಿಂತಿತು. ಇವನು ತನ್ನ ಕಾರಿನ ಕಾರ್ಬೊರೇಟರ್ ಬಿಚ್ಚಿಕೊಟ್ಟ. ತಂಬ್ರಹಳ್ಳಿಯ ರೈತನೊಬ್ಬ ದಾಳಿಂಬೆ ತುಂಬಿದ ಟೆಂಪೋ ನಿಲ್ಲಿಸಿಕೊಂಡು ಕೂತಿದ್ದ. ಇವನ ಬ್ಯಾಟರಿ ಹೋಯಿತು. ಹಡಗಲಿಯ ಮಲ್ಲಿಗೆ ಹೂವಿನ ವ್ಯಾನು ಬಂತು, ಹೂವು ಬಾಡುತ್ತದೆ ಎಂದರು. ಒಂದು ಚಕ್ರ ಹೋಯಿತು. "ನಾಳೆ ಬ್ಯಾರೆ ಹಾಕ್ತೀನಿ" ಎನ್ನುತ್ತಿದ್ದ. ಹಾಕುತ್ತಲೂ ಇದ್ದ. ಅದು ಹಾಕುವಷ್ಟರಲ್ಲಿ ಇನ್ನೊಂದು ಹೋಗಿರುತ್ತಿತ್ತು. ಶಹಜಾನಬಿ ಎಷ್ಟೋ ಗುರುವಾರ ಸೀರೆಗೆ ಇಸ್ತ್ರಿ ಮಾಡಿಸಿ, ಶುಕ್ರವಾರ ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಕಡೆಗೆ ಒಂದು ದಿನ, ಬೆನ್ನು ಹಿಡಿದ ಒಬ್ಬ ಮುದುಕನನ್ನು ದಾವಣಗೆರೆ ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಒರಗಲಿಕ್ಕೆ ಸೀಟು ಹರಿದಿದೆ ಎಂದು, ಇವನು ತನ್ನ ಕಾರಿನ ಮುಂದಿನ ಎಡಗಡೆ ಸೀಟಿನ ಬೋಲ್ಟು ಬಿಚ್ಚುತ್ತಿದ್ದ. ಬುತ್ತಿ ಹಿಡಿದುಕೊಂಡು ಬಂದವಳು ನೋಡಿದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಬ್ಯಾಟರಿ ಕೊಟ್ರಿ, ಗಾಲಿ ಕೊಟ್ರಿ, ನಾ ಏನೂ ಅನ್ನಲಿಲ್ಲ. ಇದು ನನ್ನ ಜಾಗ. ಇದನ್ನ ಕೊಡಬ್ಯಾಡ್ರಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ಮುದುಕನಿಗೆ ನಾನು ನನ್ನ ಅಂಗಡಿಯ ದಿಂಬು, ಕೌದಿ ಕೊಟ್ಟು ಕಳಿಸಿದೆ. ಶಹಜಾನಬಿಗೆ ಆಮೇಲೂ ನಂಬಿಕೆ ಬರಲಿಲ್ಲ. ಬಿಚ್ಚಿದ್ದ ಸೀಟನ್ನು ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಒಯ್ದಳು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಇಟ್ಟುಕೊಂಡು, ಅದರ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ಹೂ ಕಟ್ಟುತ್ತಿದ್ದಳು. ಒಮ್ಮೆ ನಾನು ಹೋದಾಗ ಕೈಯಲ್ಲಿ ಕೆಲಸ ಇರಲಿಲ್ಲ, ಸುಮ್ಮನೆ ಅದರಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಬೈಯಲಿಕ್ಕೆ ಹೋದವಳು ಬೈಯದೆ ಬಂದೆ.

ಈ ವರ್ಷ ಚಳಿ ಹಿಡಿದ ಮೇಲೆ ಮುದುಕಿಗೆ ಉಸಿರು ಹೆಚ್ಚಾಯಿತು. ಶಹಜಾನಬಿಯ ತಮ್ಮ ಹರಪನಹಳ್ಳಿಯಿಂದ ಫೋನು ಮಾಡಿ, ಬರುವುದಾದರೆ ಈಗ ಬರ್ರಿ ಅಂದ. ಆ ಶುಕ್ರವಾರ ರಾಜಾಸಾಬಣ್ಣ ಷೆಡ್ಡಿನ ಬಾಗಿಲು ತೆಗೆಯಲಿಲ್ಲ. ಮನೆಯಿಂದ ಸೀಟನ್ನು ಹೆಗಲ ಮೇಲೆ ಹೊತ್ತು ತಂದು, ರಾತ್ರಿಯೇ ಉಳಿದದ್ದೆಲ್ಲ ಜೋಡಿಸಿ ಹೊರಗೇ ನಿಲ್ಲಿಸಿದ್ದ ಕಾರಿಗೆ ಕೂಡಿಸಿ, ಒರೆಸಿ, ಬಿಳಿ ಜುಬ್ಬಾ ಹಾಕಿಕೊಂಡು ನಿಂತ. ಹಸಿರು ಸೀರೆಯುಟ್ಟು, ತೊಡೆಯ ಮೇಲೆ ಸಿಹಿ ಡಬ್ಬಿ ಇಟ್ಟುಕೊಂಡು ಅವಳು ಕೂತಳು. ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ನಾನು ಚಕ್ರದ ಮುಂದೆ ನಿಂಬೆಹಣ್ಣು ಇಟ್ಟೆ. ಇಬ್ಬರೂ ಬೇಡವೆನ್ನಲಿಲ್ಲ, ಅದನ್ನು ತುಳಿದೇ ಗಾಡಿ ಹೋಯಿತು. ಸೇತುವೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಕಣ್ಣೊರೆಸಿಕೊಂಡು ಬಾಣಲೆಗೆ ಮೆಣಸಿನಕಾಯಿ ಬಿಟ್ಟೆ.

ಎರಡು ಸುತ್ತು ಮಿರ್ಚಿ ಬೆಂದಿರಬೇಕು. ಪರಿಚಯದ ಎಂಜಿನ್ ಸದ್ದು ಕೇಳಿ ತಲೆ ಎತ್ತಿದರೆ, ಅದೇ ಕಾರು ವಾಪಸು ಬರುತ್ತಿದೆ! ಮುದುಕಿ ಹೋದಳು, ಫೋನು ಬಂದಿರಬೇಕು ಎಂದುಕೊಂಡೆ. ಜಾಲರಿ ಕೈಯಲ್ಲಿ ಹಿಡಿದೇ ರಸ್ತೆ ದಾಟಿ ಓಡಿದೆ.

ಕಾರು ಷೆಡ್ಡಿನ ಮುಂದೆ, ದಿನಾ ನಿಲ್ಲುವ ಜಾಗದಲ್ಲಿ ನಿಂತಿತು. ರಾಜಾಸಾಬಣ್ಣ ಇಳಿದ. ಬಾನೆಟ್ ಎತ್ತಿದ. ಬಗ್ಗಿ ನೋಡಿದ. ಬಿಳಿ ಜುಬ್ಬಾಕ್ಕೆ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, ಮುಖ ತುಂಬ ನಗುತ್ತ, "ಮದುವಿ ಹೆಣ್ಣು ಆಗೈತಿ ನೋಡ್ರಿ, ಕರ್ಕೊಂಡು..." ಎಂದವನು ಅಲ್ಲಿಗೇ ನಿಂತ. ಗಾಜಿನ ಹಿಂದೆ ಹಸಿರು ಸೀರೆ ಕಂಡಿತು.

ಅವನ ಕೈಗಳು ಹುಣಸೆಮರದ ಹತ್ತಿರ ತಾವೇ ಗಾಡಿ ತಿರುಗಿಸಿದ್ದವು.

ಅಂಥ ಮುಖವನ್ನು ನಾನು ಯಾವ ಗಂಡಸಿನಲ್ಲೂ ನೋಡಿಲ್ಲ. ಷೆಡ್ಡಿನ ಮುಂದಿನ ಹಳೇ ಟೈರಿನ ಮೇಲೆ ಕುಸಿದು ಕೂತ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಅವನ ಮೇಲೆ ಹಾಕಲಿಕ್ಕೆ ಆಗಲಿಲ್ಲ. ಕಿಟಕಿಗೆ ಬಗ್ಗಿ ಅವಳಿಗೆ ಹಾಕಿದೆ.

"ಅಲ್ಲಲೇ, ಇವನಿಗರ ಮಂಕು ಬಡದೈತಿ. ಗಾಡಿ ತಿರುಗಿಸುವಾಗ ನೀನರ ಹೇಳಬಾರದೇನು? ಬಾಯಿಗೆ ಏನು ಬಡದಿತ್ತು ನಿನಗ?"

ಅವಳ ಕಣ್ಣು ತುಂಬಿದ್ದವು, ಆದರೆ ಅಳುತ್ತಿರಲಿಲ್ಲ.

"ತಿರುಗಿಸಿದ್ದು ಗೊತ್ತಾತಕ್ಕಾ. ಇವರು ಮಾತಾಡಾಕ ಹತ್ತಿದ್ರು. ಮೊದಲ್ನೇ ಜುಮ್ಮಾಗಿಗೆ ಹೋದಾಗ, ಬಸ್ಸಿನಿಂದ ನನ್ನ ಕೈ ಹಿಡದು ಇಳಿಸ್ಕೊಂಡಾಗ ನಾ ಯಾವ ಬಣ್ಣದ ಬಳಿ ಇಟ್ಟಿದ್ದೆ ಅಂತ ಹೇಳಾಕತ್ತಿದ್ರು. ಮನ್ಯಾಗ ಉಣ್ಣಾಕ ಏನೈತಿ ಅನ್ನೂದು ಬಿಟ್ಟು ಇವರ ಬಾಯಾಗ ಮಾತು ಕೇಳಿದಾಕಿ ಅಲ್ಲ ನಾ. ತಡದ್ರ ಎಲ್ಲಿ ನಿಲ್ಲಿಸಿಬಿಡ್ತಾರೋ ಅಂತ ಸುಮ್ಮನ ಕುಂತೆ."

 ಜಾಲರಿಯಿಂದ ಎಣ್ಣೆ ಸೀರೆಗೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು, ತಮ್ಮನದು. ಅಮ್ಮ ಮಂಚವನ್ನು ಬಾಗಿಲ ಹತ್ತಿರ ಹಾಕಿಸಿಕೊಂಡಿದ್ದಾಳೆ, ಎಲ್ಲಿದ್ದೀರಿ ಎಂದು ಕೇಳುತ್ತಿದ್ದ. ಅವಳು ಗಂಡನ ಕಡೆ ಒಮ್ಮೆ ನೋಡಿ, "ದಾರ್‍ಯಾಗ ಅದೀವಿ ಅಂತ ಹೇಳು" ಎಂದಳು.

ಆ ಹೊತ್ತಿಗೇ ಬರಬೇಕೆ ಗ್ರಹಚಾರ? ಒಬ್ಬ ಮನುಷ್ಯ ಬೆವರುತ್ತ ಬಂದ. ಜೀಪಿನ ಬೆಲ್ಟು ಹರಿದು ಆಚೆ ನಿಂತಿದೆಯಂತೆ. ತೆರೆದಿದ್ದ ಬಾನೆಟ್ಟಿನೊಳಗೆ ಕಣ್ಣು ಹಾಕಿ, "ಸಾಬ್ರೇ, ಇದು ನಿಮ್ಮ ಗಾಡಿ ಅಲ್ಲೇನು? ಇದರದ್ದರ ಬಿಚ್ಚಿಕೊಡ್ರಿ, ನಾಳೆ ಮುಟ್ಟಿಸ್ತೀನಿ" ಎಂದ. ರಾಜಾಸಾಬಣ್ಣ ಎದ್ದ. ಅವನ ಕೈ ಜುಬ್ಬಾದ ಜೇಬಿಗೆ ಹೋಯಿತು, ಅಲ್ಲಿಯೂ ಸ್ಪ್ಯಾನರ್ ಇರುತ್ತದೆ, ನನಗೆ ಗೊತ್ತು. ಶಹಜಾನಬಿ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು.

ಅವನು ಬಾನೆಟ್ ಹಾಕಿದ. ಎರಡೂ ಅಂಗೈ ಊರಿ ಒತ್ತಿದ.

"ಇಲ್ರಿ," ಎಂದ. "ಇದು ಗಿರಾಕಿ ಗಾಡಿ. ಮುಟ್ಟಂಗಿಲ್ಲ."

"ಯಾರ್ರೀ ಗಿರಾಕಿ?"

ಅವನು ಮುಂದಿನ ಎಡಗಡೆ ಸೀಟಿನ ಕಡೆ ತೋರಿಸಿದ. ಆಮೇಲೆ ಬಾಗಿಲು ತೆಗೆದು ಕೂತು ಗಾಡಿ ಚಾಲೂ ಮಾಡಿದ. ನಾನು ಗಡಿಯಾರ ನೋಡಿದೆ, ರಾಹುಕಾಲ ಶುರುವಾಗಿ ಹೋಗಿತ್ತು. ಅವಳೂ ನನ್ನ ಮುಖ ನೋಡಿದಳು.

"ಹೋಗ್ರೇ," ಎಂದೆ. "ನಿಮಗ ಇನ್ನ ಯಾವ ಕಾಲ ಕೆಡೂದೈತಿ? ಹುಣಸಿಮರ ಬಂದ್ರ ಅವನ ಕೈ ಹಿಡ್ಕೊ."

ಜೀಪಿನವನನ್ನು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಕಳಿಸಿ, ಬಾಣಲೆ ಇಳಿಸಿ, ಅವಳು ಕೂರುವ ಬೆಂಚಿನ ಮೇಲೆ ಕೂತೆ. ಮಿರ್ಚಿ ಕೇಳಿದವರಿಗೆ ಇಲ್ಲವೆಂದೆ. ಹುಣಸೆಮರದಿಂದ ತಿರುಗಿ ಬರುವ ಹೊತ್ತಾಯಿತು. ಒಂದು ಬಸ್ಸು ಬಂತು, ಮೆಕ್ಕೆಜೋಳದ ಟ್ರ್ಯಾಕ್ಟರ್ ಬಂತು. ಮಸೀದಿಯಲ್ಲಿ ಜುಮ್ಮಾದ ಕೂಗು ಆಯಿತು. ನಾನು ಎದ್ದು ರಸ್ತೆಯ ನಡುವೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ತನಕ ನೋಡಿದೆ.

ಗಾಡಿ ವಾಪಸು ಬರಲಿಲ್ಲ.