ಅಕ್ಕ ನಿಲ್ಲಿಸಿಟ್ಟ ಗಾಡಿ

ನಮ್ಮ ಡ್ರೈವರು ಬಸ್ಸು ತಿರುಗಿಸಿದರೆ ಬೀದಿಯ ಎರಡೂ ಬದಿಯ ಅಂಗಡಿಗಳು ಹೊಟ್ಟೆ ಒಳಕ್ಕೆಳೆದುಕೊಂಡು ದಾರಿ ಬಿಡುತ್ತಿದ್ದವು. ಅವನ ಕನ್ನಡಿಯ ಮಾತಂತೂ ಕೇಳಲೇಬೇಡಿ. ಅದನ್ನು ಎಷ್ಟು ಹದವಾಗಿ ತಿರುಗಿಸಿಡುತ್ತಿದ್ದನೆಂದರೆ ಹಿಂದಿನ ಬಾಗಿಲಲ್ಲಿ ನೇತಾಡುವವರಿರಲಿ, ನಿನ್ನೆ ಇಳಿದುಹೋದವರೂ ಕಾಣುತ್ತಿದ್ದರು. ನಾನು ಅದೇ ಬಸ್ಸಿನಲ್ಲಿ ಸೀಟಿ ಊದುತ್ತಲೇ ಮುದುಕನಾದ ಕಂಡಕ್ಟರು. ನನ್ನ ಮಾತಿನಲ್ಲಿ ಅರ್ಧ ತೂರಿ ಬಿಟ್ಟರೂ ಉಳಿದ ಕಾಳು ಗಟ್ಟಿ.

ಇಂಥವನು ನಿವೃತ್ತಿಯಾದ ಮೇಲೆ ದಾರಿ ತಪ್ಪಿದ. ಅದೂ ತನ್ನ ಮನೆಯಲ್ಲೇ, ಕುರ್ಚಿಯ ಮೇಲೆ ಕೂತು.

ಮನೆಯೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದು ಅವನದು, ಇನ್ನೊಂದು ಅವನ ಅಕ್ಕನದು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸುತ್ತಿದ್ದರು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಕೂತು ರೋಗಿಗಳನ್ನು ಮೇಲಕ್ಕೆ ಹತ್ತಿಸುವುದು, ವಾಸಿಯಾದವರನ್ನು ಕೆಳಕ್ಕೆ ಇಳಿಸುವುದು, ವಾಸಿಯಾಗದೆ ಹೋದವರನ್ನು ಇನ್ನೂ ಕೆಳಗೆ, ನೆಲಮಾಳಿಗೆಗೆ ಮುಟ್ಟಿಸುವುದು. ಜೀವಮಾನವೆಲ್ಲ ಅದೇ ಅವಳ ಕೆಲಸ.

ರಕ್ತ ಪರೀಕ್ಷೆಯ ವಿಭಾಗದ ಮೇಡಂ ಒಬ್ಬಳು ಅದೇ ಲಿಫ್ಟಿನಲ್ಲಿ ದಿನವಿಡೀ ಸೀಸೆಗಳ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಅಕ್ಕನಿಗೆ ಆಟದ ಹುಚ್ಚು ಹಿಡಿಸಿದವಳು ಅವಳೇ. ಅದು ಕಂಪ್ಯೂಟರಿನಲ್ಲಿ ಆಡುವ ಬಾಹ್ಯಾಕಾಶದ ಆಟ. ಕಪ್ಪು ಆಕಾಶ, ಎಣಿಸಲಾಗದಷ್ಟು ನಕ್ಷತ್ರ, ಆಡುವ ಪ್ರತಿಯೊಬ್ಬರಿಗೂ ಒಂದು ನೌಕೆ. ಎಲ್ಲೆಲ್ಲಿಂದಲೋ ಸಾವಿರಾರು ಜನ ಒಂದೇ ಆಕಾಶದಲ್ಲಿ ಸಾಮಾನು ಸಾಗಿಸುತ್ತಾರೆ, ಕಳೆದುಹೋದದ್ದನ್ನು ಹುಡುಕುತ್ತಾರೆ, ಬಂಡೆಗಳಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಅಕ್ಕ ಯಾರಿಗೂ ಹೊಡೆಯುತ್ತಿರಲಿಲ್ಲ, ಸುಮ್ಮನೆ ಅಲೆಯುತ್ತಿದ್ದಳು. ಅದಕ್ಕಾಗಿ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದಿದ್ದಳು. ಗುಂಡಿ ಒತ್ತಿ ಕುಂಬಳದ ಬೀಜ ಬಿತ್ತಿದರೆ, ಅದು ಶುರುವಾಗುವಷ್ಟರಲ್ಲಿ ಬಳ್ಳಿ ಕಿಟಕಿ ಹತ್ತಿ ಕಾಯಿ ಬಿಡುತ್ತಿತ್ತು.

ತಮ್ಮನ ಹೆಸರಲ್ಲೂ ಒಂದು ನೌಕೆ ಮಾಡಿಸಿ, ಇಂಧನ ತುಂಬಿಸಿ ನಿಲ್ಲಿಸಿದ್ದಳು. ‘ಒಂದ್ಸಲ ಬಂದು ಕೂತ್ಕೊಳೋ,’ ಎನ್ನುವಳು. ‘ರಸ್ತೆ ಇಲ್ಲ, ಸ್ಟಾಪಿಲ್ಲ, ಹಾರ್ನ್ ಹೊಡೆದ್ರೆ ಕೇಳೋರಿಲ್ಲ. ಅದೊಂದು ಗಾಡೀನಾ? ನಾಳೆ ನೋಡೋಣ,’ ಎನ್ನುವನು ಇವನು.

ಒಂದು ಮಧ್ಯಾಹ್ನ ಅಕ್ಕ ಆ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಳು. ಪರದೆಯ ಮೇಲೆ ನಕ್ಷತ್ರಗಳು ಇದ್ದ ಹಾಗೇ ಇದ್ದವು. ತಮ್ಮ ಹಿಂದಿನಿಂದ ಬಂದು ‘ಚಹಾ ಆರ್ತಿದೆ’ ಎಂದನಂತೆ. ಉತ್ತರ ಬಾರದ್ದಕ್ಕೆ ಸಿಟ್ಟಾಗಿ, ಇನ್ನೊಮ್ಮೆ ಅದನ್ನೇ ಹೇಳಿದನಂತೆ.

ವರ್ಷ ಕಳೆಯುತ್ತ ಬಂದಾಗ ಮೇಡಂ ಮೆಟ್ಟಿಲು ಹತ್ತಿ ಬಂದಳು. ನಾನೂ ಅಲ್ಲೇ ಇದ್ದೆ.

‘ಅಣ್ಣಾ, ಅಕ್ಕನ ನೌಕೆ ಇನ್ನೂ ಹೊರಗೇ ನಿಂತಿದೆ,’ ಎಂದಳು. ‘ಬಹಳ ಕಾಲ ಓಡದೆ ಬಯಲಲ್ಲಿ ನಿಂತಿರೋದನ್ನೆಲ್ಲ ಈ ತಿಂಗಳ ಕೊನೆಗೆ ಅಳಿಸಿಹಾಕ್ತಾರಂತೆ, ಆಟ ನಡೆಸೋರು ಹೇಳಿದಾರೆ. ನಿಲ್ದಾಣದ ಒಳಗಿದ್ರೆ ಮಾತ್ರ ಉಳಿಯುತ್ತೆ. ಅದನ್ನ ಒಳಗೆ ಕರ್ಕೊಂಡು ಬರೋಕೆ ಅಕ್ಕ ಬರೆಸಿರೋ ಜೊತೆಗಾರರಿಗೆ ಮಾತ್ರ ಆಗೋದು.’

‘ಯಾರು ಜೊತೆಗಾರರು?’

‘ನೀವೊಬ್ರೇ.’

ಡ್ರೈವರು ಅಂಗಿಯ ತೋಳು ಮಡಚಿಕೊಂಡು ಅಕ್ಕನ ಕುರ್ಚಿಯ ತುದಿಯಲ್ಲಿ ಕೂತ. ಪೂರ್ತಿ ಕೂರಲಿಲ್ಲ. ಯಾರೋ ಕೂತಿರುವ ಸೀಟಿನಲ್ಲಿ ಜಾಗ ಮಾಡಿಕೊಂಡಂತೆ ಕೂತ.

‘ಮೊದಲು ಓಡಿಸ್ಬೇಡಿ. ನಿಂತಲ್ಲೇ ನಿಂತು ಸುತ್ತ ನೋಡಿ,’ ಎಂದಳು ಮೇಡಂ, ಅವನ ಹೆಸರಿನ ನೌಕೆಯನ್ನು ಪರದೆಗೆ ತಂದು.

‘ಹತ್ತಿ ಕೂತ ಮೇಲೆ ಓಡಿಸದೇ ಇರೋದಾ? ಪ್ಯಾಸೆಂಜರ್ ಬೈಯಲ್ವಾ?’

‘ಇಲ್ಲಿ ಪ್ಯಾಸೆಂಜರ್ ಇಲ್ಲ.’

‘ಇವನಿದಾನಲ್ಲ,’ ಎಂದು ನನ್ನ ಕಡೆ ಗದ್ದ ಎತ್ತಿದ. ‘ಟಿಕೆಟ್ ತಗೊಂಡಿಲ್ಲ, ಅಷ್ಟೆ.’

ಮೇಡಂ ನಿಧಾನವಾಗಿ ಪಾಠ ಶುರು ಮಾಡಿದಳು. ಪರದೆಯ ಅಡಿಯಲ್ಲಿ ತಟ್ಟೆಯಂಥ ಒಂದು ವೃತ್ತವಿತ್ತು. ನಡುವೆ ಇರೋದು ನೀವು, ಆ ಕಡೆ ಅರ್ಧ ನಿಮ್ಮ ಮುಂದೆ, ಈ ಕಡೆ ಅರ್ಧ ನಿಮ್ಮ ಬೆನ್ನ ಹಿಂದೆ. ಚುಕ್ಕೆಗಳೆಲ್ಲ ಬೇರೆ ನೌಕೆಗಳು. ಬೇಕಾದ ಚುಕ್ಕೆಯನ್ನು ಆರಿಸಿ ಹಿಡ್ಕೊಳ್ಳಿ, ಆಗ ಎಷ್ಟು ದೂರ ಅಂತ ಪಕ್ಕದಲ್ಲಿ ಬರುತ್ತೆ. ಹಿಡ್ಕೊಳ್ಳದೆ ಓಡಿದ್ರೆ ಆಕಾಶವೆಲ್ಲ ಒಂದೇ ಥರ ಕಾಣುತ್ತೆ. ಬಣ್ಣ ಇರೋ ದೊಡ್ಡ ನಕ್ಷತ್ರ ಒಂದನ್ನ ಗುರುತಿಟ್ಕೊಳ್ಳಿ, ದಾರಿ ತಪ್ಪಿದ್ರೆ ಅದರ ಕಡೆ ಮೂತಿ ತಿರುಗಿಸಿ ಮತ್ತೆ ಶುರು ಮಾಡಿ.

‘ಆಮೇಲೆ ಬ್ರೇಕು. ಇಲ್ಲಿ ರಸ್ತೆ ಇಲ್ಲ, ಗಾಳಿ ಇಲ್ಲ. ಹಿಡಿದ ವೇಗ ತಾನಾಗಿ ಕಮ್ಮಿ ಆಗಲ್ಲ. ಅರ್ಧ ದಾರೀಲೇ ಬ್ರೇಕ್ ಶುರು ಮಾಡ್ಬೇಕು.’

‘ಅರ್ಧ ದಾರೀಲಾ? ಈ ಊರಲ್ಲಿ ಸ್ಟಾಪಿನ ಮೇಲೇ ಬಸ್ ನಿಲ್ಲಿಸಿದೋನು ನಾನು.’

‘ಸ್ಟಾಪ್ ದಾಟಿ ನಿಲ್ಲಿಸ್ತಿದ್ದೆ,’ ಎಂದೆ ನಾನು. ‘ಜನ ಹಿಂದಿಂದ ಓಡಿ ಬರೋರು.’

‘ಗುರಿ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಈ ಗುಂಡಿ ಒತ್ತಿ ಕರೀರಿ,’ ಎಂದಳು ಮೇಡಂ. ‘ಆ ಕಡೆ ನೌಕೆ ಉತ್ತರ ಕೊಡುತ್ತೆ. ಕೊಡೋವಾಗ ಅದರ ಚುಕ್ಕೆ ಮಿನುಗುತ್ತೆ.’

ಡ್ರೈವರು ಒತ್ತಿದ.

‘ಬಂದೆ ಬಂದೆ. ಅಲ್ಲೇ ಇರಿ.’

ಅಕ್ಕನ ದನಿ. ಲಿಫ್ಟಿನ ಬಾಗಿಲು ಯಾರಾದರೂ ಬಡಿದರೆ ಒಳಗಿಂದ ಕೂಗುತ್ತಿದ್ದಳಲ್ಲ, ಅದೇ ದನಿ, ಅದೇ ಅವಸರ. ನನ್ನ ಕೈಯ ಚಹಾ ಲೋಟದಲ್ಲೇ ತಣ್ಣಗಾಯಿತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ‘ಮರೆತೇಬಿಟ್ಟಿದ್ದೆ ಅಣ್ಣಾ. ತಮಾಷೆಗೆ ಅಂತ ದನಿ ತುಂಬಿಸಿಟ್ಟಿದ್ರು. ಯಾರೇ ಕರೆದ್ರೂ ಆ ಉತ್ತರ ತಾನಾಗೇ ಹೋಗುತ್ತೆ.’

ಡ್ರೈವರು ಕುರ್ಚಿಯ ತುದಿಯಿಂದ ಎದ್ದು ಬಾಗಿಲ ಕಡೆ ಒಮ್ಮೆ ನೋಡಿ ಬಂದು ಕೂತ.

ಅಲ್ಲಿಂದ ಆ ಮನೆ ಮನೆಯಾಗಿ ಉಳಿಯಲಿಲ್ಲ. ನಾನು ದಿನಾ ಸಂಜೆ ಹೋಗುತ್ತಿದ್ದೆ. ಮೆಟ್ಟಿಲ ಮೇಲೇ ಕೇಳುತ್ತಿತ್ತು: ‘ಬಂದೆ ಬಂದೆ. ಅಲ್ಲೇ ಇರಿ.’ ಕೆಳಗಿನ ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುವುದನ್ನು ನಿಲ್ಲಿಸಿ ಮೇಲೆ ನೋಡುತ್ತಿದ್ದ. ‘ಕಂಡಕ್ಟ್ರೇ, ಮೇಲೆ ಯಾರಿದಾರೆ?’ ‘ಡ್ರೈವರು.’ ‘ಮತ್ತೆ ಯಾರು?’ ಅದಕ್ಕೆ ನನ್ನ ಬಳಿ ಚಿಲ್ಲರೆ ಇರಲಿಲ್ಲ.

ಒಳಗೆ ಮೇಜಿನ ಮೇಲೆ ಎರಡು ಲೋಟ. ಒಂದು ಕುಡಿದದ್ದು, ಒಂದು ತುಂಬಿದ್ದು. ಅವಳ ಕೋಣೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು. ಯಾಕೆಂದು ಕೇಳಿದರೆ ‘ಬರ್ತೀನಿ ಅಂತಾಳಲ್ಲ, ಹಾಕಿಕೊಂಡಿದ್ರೆ ಚೆನ್ನಾಗಿರುತ್ತಾ?’ ಎನ್ನುತ್ತಿದ್ದ. ತಮಾಷೆ ಮಾಡುವವನ ಮುಖ ನನಗೆ ಗೊತ್ತು. ಅದು ಆ ಮುಖವಲ್ಲ.

‘ಅಷ್ಟಿದ್ರೆ ಆ ದನೀನ ಫೋನಲ್ಲಿ ಹಿಡಿದಿಟ್ಕೋ,’ ಎಂದೆ. ‘ಗಾಡಿ ಹೋದ್ರೆ ಹೋಗ್ಲಿ.’

‘ಫೋನಲ್ಲಿದ್ರೆ ನಾನು ಒತ್ತಿದಾಗ ಬರುತ್ತೆ. ಇಲ್ಲಿ ನಾನು ಕರೆದಾಗ ಬರ್ತಾಳೆ.’

ತಿಂಗಳು ಸವೆಯುತ್ತಿತ್ತು, ಗಾಡಿ ಮಾತ್ರ ಸಿಗುತ್ತಿರಲಿಲ್ಲ. ವಿಚಿತ್ರವೆಂದರೆ ಅವನು ಪಾಠವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಕೆಂಪು ನಕ್ಷತ್ರವೊಂದನ್ನು ಗುರುತಿಟ್ಟುಕೊಳ್ಳುವನು. ಅಕ್ಕನ ಚುಕ್ಕೆ ಆರಿಸಿ ಹಿಡಿಯುವನು, ಕರೆಯುವನು, ಅದು ಮಿನುಗುವುದು. ಅತ್ತ ಮೂತಿ ತಿರುಗಿಸಿ, ಅರ್ಧ ದಾರಿಯಲ್ಲೇ ಬ್ರೇಕ್ ಹಿಡಿದು, ಮದುವಣಗಿತ್ತಿಯನ್ನು ಕರೆತರುವ ಕಾರಿನಂತೆ ಮೆಲ್ಲಗೆ ಹೋಗುವನು. ತಟ್ಟೆಯ ಮೇಲೆ ಆ ಚುಕ್ಕೆ ಹತ್ತಿರ ಹತ್ತಿರ ಬಂದು, ಕೊನೆಗೆ ನಾವಿರುವ ನಡುವಿಗೇ ಬಂದು ಕೂರುತ್ತಿತ್ತು.

ಪರದೆಯ ಮೇಲಿನ ನೌಕೆಯ ಕಿಟಕಿಯಲ್ಲಿ ನೋಡಿದರೆ ಏನೂ ಇಲ್ಲ. ಕಪ್ಪು, ಅಷ್ಟೇ.

‘ಇಲ್ಲೇ ಇದಾಳೆ,’ ಎನ್ನುವನು ಪಿಸುದನಿಯಲ್ಲಿ. ‘ನಮ್ಮ ಮೇಲೇ ಕೂತಂಗಿದೆ ಚುಕ್ಕೆ. ಆದ್ರೆ ದೂರ ನೋಡು, ಸೊನ್ನೆ ಆಗ್ತಾನೇ ಇಲ್ಲ. ಹತ್ರಾನೂ ಇದಾಳೆ, ದೂರಾನೂ ಇದಾಳೆ.’

ಮತ್ತೆ ಕರೆಯುವನು. ‘ಬಂದೆ ಬಂದೆ. ಅಲ್ಲೇ ಇರಿ.’ ನಮ್ಮ ಕಿವಿಯ ಪಕ್ಕದಲ್ಲೇ. ಕಿಟಕಿಯಲ್ಲಿ ಮಾತ್ರ ಯಾರೂ ಇಲ್ಲ.

ದೆವ್ವಗಳನ್ನು ನಾನು ನಂಬುವವನಲ್ಲ. ಕೊನೆಯ ಟ್ರಿಪ್ಪಿನಲ್ಲಿ ಎಷ್ಟೋ ದೆವ್ವಗಳಿಗೆ ಟಿಕೆಟ್ ಹರಿದು ಕೊಟ್ಟಿದ್ದೇನೆ, ಒಂದೂ ಗಲಾಟೆ ಮಾಡಿಲ್ಲ. ಆದರೂ ಆ ಖಾಲಿ ಕಿಟಕಿ ನೋಡುತ್ತ ಕೂತಾಗ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡೆ. ಬೆನ್ನ ಹಿಂದೆ ಜಾಗ ಬಿಡುವುದು ಬೇಡ ಅನ್ನಿಸಿತು.

ತಿಂಗಳು ಮುಗಿಯುವ ಹಿಂದಿನ ದಿನ ಮೇಡಂಗೆ ಹೇಳಿ ಕಳಿಸಿದೆ. ಕೆಲಸ ಮುಗಿಸಿ, ಕೈಯಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆ ಇಟ್ಟುಕೊಂಡೇ ಬಂದಳು. ಡ್ರೈವರನ ಹಿಂದೆ ನಿಂತು ಒಂದು ಸುತ್ತು ನೋಡಿದಳು. ಎರಡನೆಯ ಸುತ್ತಿಗೆ ಹುಬ್ಬು ಗಂಟಿಕ್ಕಿತು.

‘ಅಣ್ಣಾ, ಚುಕ್ಕೆಗೆ ಒಂದು ಸಣ್ಣ ಕಡ್ಡಿ ಇದೆಯಲ್ಲ, ಅದನ್ನ ನೋಡಿದೀರಾ?’

‘ಅದು ಪರದೆ ಮೇಲಿನ ಗೀರಲ್ವಾ? ಬಟ್ಟೆ ತಗೊಂಡು ಎಷ್ಟು ಉಜ್ಜಿದೀನಿ.’

‘ಗೀರಲ್ಲ. ಕಡ್ಡಿ ಮೇಲಕ್ಕಿದ್ರೆ ಗುರಿ ನಿಮಗಿಂತ ಎತ್ತರದಲ್ಲಿದೆ, ಕೆಳಗಿದ್ರೆ ತಗ್ಗಿನಲ್ಲಿದೆ. ಉದ್ದ ಇದ್ದಷ್ಟೂ ದೂರ. ಇದನ್ನ ಯಾರಿಗೂ ಹೇಳ್ಬೇಕಾಗೇ ಬಂದಿರ್ಲಿಲ್ಲ, ಅದಕ್ಕೆ ಹೇಳಲಿಲ್ಲ. ನೀವು ಇಷ್ಟು ದಿನ ಒಂದ್ಸಲನಾದ್ರೂ ಮೂತಿ ಮೇಲೆತ್ತಿದೀರಾ?’

ಡ್ರೈವರು ಅವಳನ್ನೇ ನೋಡಿದ. ‘ಮೇಲೆತ್ತೋದಾ? ಗಾಡೀನಾ?’

ನನಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಮೂವತ್ತು ಚಿಲ್ಲರೆ ವರ್ಷ ಆರು ಚಕ್ರ ನೆಲಕ್ಕಂಟಿಸಿ ಓಡಿಸಿದ ಮನುಷ್ಯ. ಎಡ ಗೊತ್ತು, ಬಲ ಗೊತ್ತು, ಮುಂದೆ ಹಿಂದೆ ಗೊತ್ತು. ಆಕಾಶದಷ್ಟು ಜಾಗ ಕೊಟ್ಟರೂ ಅದರಲ್ಲಿ ಒಂದು ರಸ್ತೆ ಹಾಸಿಕೊಂಡು ಅದರ ಮೇಲೇ ಸುತ್ತಿದ್ದ. ಅಕ್ಕನೋ, ಎಡಬಲ ತಿರುಗದೆ ಹೊಟ್ಟೆ ಹೊರೆದವಳು.

‘ಲಿಫ್ಟಿನೋಳು ಅವಳು,’ ಎಂದ ಡ್ರೈವರು ತನಗೇ. ‘ಇನ್ನೆಲ್ಲಿ ಹೋಗಿ ನಿಲ್ಲಿಸ್ತಾಳೆ.’

ಚುಕ್ಕೆ ನಡುವಿಗೆ ಬಂದಾಗ ಮೂತಿ ಮೇಲೆತ್ತಿದ. ನಕ್ಷತ್ರಗಳು ಕಿಟಕಿಯಲ್ಲಿ ಕೆಳಕ್ಕೆ ಜಾರತೊಡಗಿದವು. ಅವನು ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡ, ನಾನು ಅವನನ್ನು ಹಿಡಿದುಕೊಂಡೆ. ಮೂವರೂ ಬೆನ್ನ ಮೇಲೆ ಮಲಗಿ ಮೇಲಕ್ಕೆ ಬೀಳುತ್ತಿರುವಂತಿತ್ತು. ಕಡ್ಡಿ ಗಿಡ್ಡವಾಯಿತು, ದೂರ ಇಳಿಯಿತು. ಆಮೇಲೆ ಕಪ್ಪಿನ ನಡುವೆ ಒಂದು ಹಳದಿ ಬೆಳಕು.

ಅಕ್ಕನ ನೌಕೆ ಮೆಲ್ಲಗೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಒಳಗಿನ ದೀಪ ಉರಿಯುತ್ತಲೇ ಇತ್ತು, ಸೀಟು ಖಾಲಿ.

‘ದೀಪ ಆರಿಸ್ದೆ ಹೋಗಿದಾಳೆ ನೋಡು,’ ಎಂದ ಡ್ರೈವರು. ‘ಎಷ್ಟು ಸಲ ಹೇಳಿದೀನಿ.’

ಸನಿಹಕ್ಕೆ ಹೋದೆವು. ಆಗ ಅದು ತಿರುಗುವುದನ್ನು ನಿಲ್ಲಿಸಿತು. ನಿಂತು, ಮೂತಿಯನ್ನು ನಮ್ಮ ಕಡೆ ಹೊರಳಿಸಿತು. ನಾವು ಹಿಂದೆ ಸರಿದರೆ ಮುಂದೆ ಬಂತು. ಎಡಕ್ಕೆ ಹೋದರೆ ಎಡಕ್ಕೆ ಬಂತು. ನನ್ನ ತಲೆಯಲ್ಲಿ ಕೂದಲಿಲ್ಲ, ಇದ್ದಿದ್ದರೆ ಅಂದು ಛಾವಣಿಗೆ ತಾಗುತ್ತಿತ್ತು.

‘ಹೆದರ್ಬೇಡಿ,’ ಎಂದಳು ಮೇಡಂ, ತಾನೇ ಹೆದರಿದ ದನಿಯಲ್ಲಿ. ‘ಜೊತೆಗಾರ ಬಂದ್ರೆ ಅವನ ಹಿಂದೆ ಹೋಗು ಅಂತ ಅಕ್ಕ ಹಾಕಿಟ್ಟಿದಾರೆ. ನೀವು ಒಂದಿನ ಆಡೋಕೆ ಬಂದೇ ಬರ್ತೀರಿ ಅಂತ ಕಾದಿದ್ರು ಅಣ್ಣಾ.’

ಡ್ರೈವರು ಗಾಡಿ ತಿರುಗಿಸಿದ. ಕೆಂಪು ನಕ್ಷತ್ರ ಹಿಡಿದು ನಿಲ್ದಾಣದ ಕಡೆ ಹೊರಟ. ಅಷ್ಟು ನಿಧಾನ ಅವನು ಬಸ್ಸನ್ನೂ ಓಡಿಸಿರಲಿಲ್ಲ. ತಟ್ಟೆಯ ಮೇಲೆ ಬೆನ್ನ ಹಿಂದಿನ ಅರ್ಧದಲ್ಲಿ ಒಂದೇ ಚುಕ್ಕೆ, ಹಿಂದೆಯೂ ಬೀಳದೆ, ಮುಂದೆಯೂ ಬಾರದೆ.

ನಿಲ್ದಾಣದ ಬಾಗಿಲು ಕಂಡಾಗ ಮೇಡಂ ಗಂಟಲು ಸರಿಮಾಡಿಕೊಂಡಳು.

‘ಒಂದು ವಿಷಯ ಅಣ್ಣಾ. ಒಳಗೆ ನಿಲ್ಲಿಸಿದ ಮೇಲೆ ನೌಕೆ ಮಲಗಿಬಿಡುತ್ತೆ. ಅಳಿಸಲ್ಲ, ಹಾಗೇ ಇರುತ್ತೆ. ಆದ್ರೆ ಕರೆದ್ರೆ ಉತ್ತರ ಕೊಡಲ್ಲ.’

‘ಹೊರಗೇ ನಿಂತ್ರೆ?’

‘ನಾಳೆವರೆಗೂ ಕೊಡುತ್ತೆ.’

ಡ್ರೈವರು ಬಾಗಿಲ ಮುಂದೆ ಗಾಡಿ ನಿಲ್ಲಿಸಿದ. ಹಿಂದಿನದೂ ನಿಂತಿತು. ಕೆಳಗೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು. ಅವನ ಬೆರಳು ಕರೆಯುವ ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಒತ್ತಿದ.

‘ಬಂದೆ ಬಂದೆ. ಅಲ್ಲೇ ಇರಿ.’

‘ನೋಡ್ರಿ,’ ಎಂದ. ‘ಸತ್ತ ಮೇಲೂ ಡ್ಯೂಟಿ ಮಾಡ್ತಿದಾಳೆ. ಯಾರು ಬಾಗಿಲು ಬಡಿದ್ರೂ ಎದ್ದು ಓಡೋದೇ ಆಯ್ತು ಅವಳ ಬಾಳು. ನಾನೊಬ್ಬ ಬಾಕಿ ಇದ್ದೆ, ನಾನೂ ಬಡಿದೆ. ಕೂತ್ಕೊಳ್ಲಿ ಬಿಡಿ.’

ಒಳಗೆ ಹೋದ. ಅವಳೂ ಬಂದಳು. ಎರಡು ನೌಕೆಗಳೂ ಒಂದರ ಪಕ್ಕ ಒಂದು ನಿಂತವು. ಅವಳ ಒಳಗಿನ ಹಳದಿ ದೀಪ ಮಂಕಾಗಿ, ಆರಿಹೋಯಿತು. ಅವನು ಮತ್ತೆ ಕರೆಯಲಿಲ್ಲ. ಗುಂಡಿಯ ಮೇಲಿಂದ ಬೆರಳು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನನಗಂತೂ ಎದ್ದು ಹೋಗುವ ಧೈರ್ಯ ಬರಲಿಲ್ಲ.

ಈಗಲೂ ನಾನು ಸಂಜೆ ಹೋಗುತ್ತೇನೆ. ಅವನು ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ, ಈಗ ಕುರ್ಚಿಯಲ್ಲಿ ಪೂರ್ತಿಯಾಗಿ. ಪರದೆಯ ಮೇಲೆ ನಿಲ್ದಾಣದ ಒಳಭಾಗ, ನಿಂತ ಎರಡು ಗಾಡಿ.

‘ಇಷ್ಟು ಕಷ್ಟಪಟ್ಟು ಕಲಿತೆ,’ ಎಂದೆ ಮೊನ್ನೆ. ‘ಹೊರಗೆ ಒಂದು ಸುತ್ತು ಹೋಗಿ ಬಾರಯ್ಯಾ.’

‘ತೆಗೆದ್ರೆ ಹಿಂದೇನೇ ಬರ್ತಾಳೆ.’

‘ಮಲಗಿದ ಗಾಡಿ ಬರಲ್ಲ ಅಂತ ಮೇಡಂ ಹೇಳಿದಾರಲ್ಲ.’

‘ಮೇಡಂಗೆ ಆಟ ಗೊತ್ತು,’ ಎಂದ. ‘ಅಕ್ಕ ಗೊತ್ತಿಲ್ಲ.’

ನಾನು ಸ್ಟೂಲನ್ನು ಗೋಡೆಗೆ ಒತ್ತಿ ಹಾಕಿಕೊಂಡು ಕೂತೆ. ಇಬ್ಬರೂ ಗಾಡಿ ಕಾಯ್ದೆವು.