ರಾಕ್ ಸಂಗೀತಕ್ಕೊಂದು ಬೆಟಗೇರಿ ಭಾಷ್ಯ

ರಾಕ್ ಸಂಗೀತಕ್ಕೆ ಕನ್ನಡದಲ್ಲಿ ಯಾರೂ ಭಾಷ್ಯ ಮಾಡಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ನಗು ಬರುತ್ತದೆ. ನಾನು ಮಾಡಿದ್ದೇನೆ. ಎಂಬತ್ತರ ದಶಕದಲ್ಲಿ, ಬೆಟಗೇರಿಯ ನಮ್ಮ ಓಣಿಯಲ್ಲಿ, ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದ ವಯಸ್ಸಿನಲ್ಲಿ. ಹಿಂದಿನ ಭಾಷ್ಯಕಾರರು ಪಾಪ, ಮೂಲದ ಭಾಷೆ ಕಲಿಯಬೇಕಾಗಿತ್ತು. ನನಗೆ ಆ ತೊಂದರೆಯೂ ಇರಲಿಲ್ಲ.

ಇದಕ್ಕೆಲ್ಲ ಕಾರಣ ಅಜ್ಜನ ಬ್ಯಾಂಜೊ. ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳನ್ನು ಕೂಡಿಸಿದ ಉದ್ದನೆಯ ಪೆಟ್ಟಿಗೆ ಅದು. ಅಜ್ಜ ಭಜನೆಯಲ್ಲಿ ಬಾರಿಸುತ್ತಿದ್ದ. ಅವನು ಹೋದ ಮೇಲೆ ನಮ್ಮ ಆಯಿ, ಅಂದರೆ ಅಜ್ಜಿ, ಅದನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದಳು. ವರ್ಷಕ್ಕೊಮ್ಮೆ ದಸರೆಯಲ್ಲಿ, ಆಯುಧಗಳ ಖಂಡೇಪೂಜೆಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ. ನನಗೋ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಅದನ್ನು ಗಿಟಾರಿನಂತೆ ಕೊರಳಿಗೆ ಹಾಕಿಕೊಂಡು ಬಾರಿಸುವ ಹುಚ್ಚು. ಸುತ್ತಲಿನ ಹರ್ತಿ, ಕುರ್ತಕೋಟಿ ಹಳ್ಳಿಗಳಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ ಎಂಬುದು ನನ್ನ ಅಂದಾಜು. ಆಯಿ ಒಂದೇ ಮಾತು ಹೇಳಿದಳು: "ಆ ಗಿಟಾರದವ್ರು ಹೆಂಗ ಬಾರಸ್ತಾರ ಮೊದ್ಲ ತೋರ್ಸು. ನೋಡಿ ಹೇಳ್ತೀನಿ."

ಅಷ್ಟರಲ್ಲಿ ಎದುರುಮನೆಯ ವಕೀಲರು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಟೀವಿ, ವಿಡಿಯೊ ಬಾಡಿಗೆಗೆ ತರಿಸಿದರು. ದೇವರ ಸಿನೆಮಾ ಮುಗಿದ ಮೇಲೆ ಮುಂಬಯಿಯ ಅಳಿಯ ಇಂಗ್ಲಿಷ್ ಹಾಡುಗಳ ಕ್ಯಾಸೆಟ್ ಹಾಕಿದ. ನಾನು ಆಯಿಯ ಪಕ್ಕಕ್ಕೆ ಸರಿದು ಕೂತೆ. ಇನ್ನೊಂದು ಪಕ್ಕ ಗೆಳೆಯ ಗುರ್ಯಾ, ಅವನ ಕೈಯಲ್ಲಿ ನಾವಿಬ್ಬರೂ ಮುಕ್ಕುತ್ತಿದ್ದ ಖಾರದ ಚುರುಮುರಿ.

ಮೊದಲು ಬಂದವನಿಗೆ ನಡುವಿನ ತನಕ ಕೂದಲು. ಈ ಹೆಣ್ಮಗಳಿಗೆ ಗಡ್ಡ ಯಾಕೆ ಬಂದಿದೆ ಎಂದು ಆಯಿ ಕೇಳಿದಳು. ಹೆಣ್ಮಗಳಲ್ಲ, ಹರಕೆಗೆ ಬಿಟ್ಟ ಕೂದಲು ಎಂದೆ. ವೇದಿಕೆಯ ಮೇಲೆ ಹೊಗೆ ಎದ್ದಾಗ ಲೋಬಾನ ಎಂದೆ. ಅವನು ನಾಲಿಗೆ ಚಾಚಿದಾಗ ಮೈಮೇಲೆ ದೇವಿ ಬಂದಳು ಎಂದೆ. ಮತ್ತೊಬ್ಬ ಮುಂದೆ ನಡೆದಂತೆ ಮಾಡುತ್ತ ಹಿಂದೆ ಹಿಂದೆ ಜಾರುತ್ತಿದ್ದ. ದೇವರಿಗೆ ಬೆನ್ನು ತೋರಿಸಬಾರದಲ್ಲ, ಅದಕ್ಕೇ ಎಂದೆ. "ಛಲೋ ಮಂದಿ ಹುಡುಗ," ಎಂದಳು ಆಯಿ. ಗುರ್ಯಾನಿಗೆ ಚುರುಮುರಿ ನೆತ್ತಿಗೇರಿತು. ಬ್ಯಾಂಜೊ ಅರ್ಧ ಟ್ರಂಕಿನಿಂದ ಹೊರಗೆ ಬಂದಂತೆಯೇ ನನಗೆ ಕಾಣುತ್ತಿತ್ತು.

ಆಗ ಒಬ್ಬ ಗಿಟಾರನ್ನು ಮುಖಕ್ಕೆ ಎತ್ತಿ ಹಲ್ಲಿನಿಂದ ಬಾರಿಸತೊಡಗಿದ.

"ಬಾಯಿ ಹಚ್ಚಿದ್ನಲ್ಲೋ," ಎಂದಳು ಆಯಿ. "ವಾದ್ಯ ಎಂಜಲಾತು."

"ಆಯಿ, ಕೊಳಲಿಗೂ ಬಾಯಿ ಹಚ್ಚತಾರಲ್ಲ?"

ಸಾಕ್ಷಾತ್ ಶ್ರೀಕೃಷ್ಣನನ್ನೇ ವಕಾಲತ್ತಿಗೆ ಕರೆಸಿದ ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಿದ್ದಾಗ, ಆ ಪುಣ್ಯಾತ್ಮ ಹಾಡು ಮುಗಿಸಿ, ಗಿಟಾರನ್ನು ಕೊಡಲಿಯಂತೆ ಎತ್ತಿ ನೆಲಕ್ಕೆ ಬಡಿದ. ಒಮ್ಮೆಯಲ್ಲ, ಚೂರಾಗುವ ತನಕ. ಕೋಣೆಯಲ್ಲಿ ತೊಟ್ಟಿಲ ಕೂಸು ಕೂಡ ಉಸಿರು ಹಿಡಿಯಿತು. ಆಯಿ ಗಲ್ಲ ಬಡಿದುಕೊಂಡಳು. ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆತನ ನಮ್ಮದು.

"ವಿಸರ್ಜನಿ ಆಯಿ," ಎಂದೆ ಸಣ್ಣ ದನಿಯಲ್ಲಿ. "ಗಣಪ್ಪನ್ನ ಕಳಸ್ತೀವಲ್ಲ, ಹಂಗ."

"ಗಣಪ್ಪನ್ನ ನೀರಾಗ ಬಿಡ್ತೀವಿ. ಕಲ್ಲಿಗೆ ಬಡಿಯಂಗಿಲ್ಲ." ಅಷ್ಟು ಹೇಳಿ ಎದ್ದೇಬಿಟ್ಟಳು.

ನನ್ನ ಕಥೆ ಮುಗಿಯಿತು ಎಂದುಕೊಂಡು ಅವಳ ಹಿಂದೆಯೇ ಹೋದೆ. ಮನೆಗೆ ಬಂದ ಆಯಿ ನೇರ ಹೋಗಿ ಟ್ರಂಕು ತೆರೆದಳು.

"ನೀ ಹೇಳಿದ್ರಾಗ ಒಂದೂ ಖರೆ ಅಲ್ಲಂತ ಗೊತ್ತೈತಿ. ಆದ್ರ ಅವ ಅದನ್ನ ಒಡಿಯುವಾಗ ನಿನ್ನ ಮಾರಿ ನೋಡಿದ್ನಿ. ಕಣ್ಣಾಗ ನೀರು ಬಂದಿತ್ತು. ತಗೋ, ಬಾರ್ಸು."

ಆ ನೀರು ಗುರ್ಯಾನ ಚುರುಮುರಿಯ ಖಾರದಿಂದ ಬಂದದ್ದು ಎಂದು ಹೇಳಲು ನಾನೇನು ಹುಚ್ಚನೇ?

ಗ್ಯಾದರಿಂಗಿನ ದಿನ ಕಪ್ಪು ಕನ್ನಡಕ ಹಾಕಿಕೊಂಡು, ಬ್ಯಾಂಜೊವನ್ನು ಅಜ್ಜನ ಧೋತರದ ತುಂಡಿನಿಂದ ಕೊರಳಿಗೆ ಕಟ್ಟಿಕೊಂಡು ನಿಂತೆ. ಚಕ್ಕಡಿಗಳು ಬಂದಿರಲಿಲ್ಲ. ಆಯಿ ಬಂದು ಮುಂದಿನ ಜಮಖಾನೆಯ ಮೇಲೆಯೇ ಕೂತಿದ್ದಳು. ನನಗೆ ಬರುತ್ತಿದ್ದುದು ಅಜ್ಜನ ಭಜನೆಯ ಒಂದು ಮಟ್ಟು ಮಾತ್ರ. ಅದನ್ನೇ ಹೆಂಚು ಹಾರುವಷ್ಟು ಜೋರಾಗಿ, ಬೆನ್ನಿಗೆ ನಾಯಿ ಬಿದ್ದವರ ಹಾಗೆ ಬಾರಿಸಿದೆ, ತಲೆ ಕೊಡವುತ್ತ. ಕೊಡವಲು ಕೂದಲಿರಲಿಲ್ಲ ಎಂಬುದು ಬೇರೆ ಮಾತು.

ಕೆಳಗೆ ಗುರ್ಯಾ ಆಯಿಯ ಕಿವಿಯ ಹತ್ತಿರ ಬಾಗಿ, ಈಗ ಇವನು ಯಾಕೆ ಹೀಗೆ ಕುಣಿಯುತ್ತಿದ್ದಾನೆ ಎಂದು ಅರ್ಥ ಬಿಡಿಸಿ ಹೇಳಲು ಶುರು ಮಾಡಿದ್ದನಂತೆ. ಆಯಿ ಅವನ ತೊಡೆಯ ಮೇಲೆ ಒಂದು ಏಟು ಕೊಟ್ಟು, "ಸುಮ್ನ ಕುಂಡ್ರಲೇ. ಕೇಳಾಕ ಬಿಡು," ಎಂದಳಂತೆ. ಆಮೇಲೆ ಕಣ್ಣು ಮುಚ್ಚಿ, ಕೊನೆಯ ತನಕ ತೆರೆಯಲೇ ಇಲ್ಲವಂತೆ.

ಕಣ್ಣು ಮುಚ್ಚಿ ಅವಳು ಕೇಳಿದ್ದು ಅಜ್ಜನನ್ನೇ ಇರಬೇಕು. ಇರಲಿ ಬಿಡಿ, ಚಪ್ಪಾಳೆಗೆ ಬಗ್ಗಿ ನಮಸ್ಕಾರ ಮಾಡಿದವನು ಮಾತ್ರ ನಾನು.